ಬೀರಪ್ಪನ ಕೋಣೆಯ ಎಸಿ ಮತ್ತು ಮಾಳಪ್ಪ ಸರ್

ಮಾಳಪ್ಪ ಸರ್ ಬಗ್ಗೆ ನನಗೆ ನೆನಪಿರುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ಅವರೇ ಬಸ್ಸಿನಲ್ಲಿ ಕೂತು ಹೇಳಿದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ಈಗ ಬೇರೆ ಮಾಡಲಾರೆ. ಒಂದು ಚಿತ್ರ ಮಾತ್ರ ಗಟ್ಟಿ ಎಂದುಕೊಂಡಿದ್ದೆ. ಯಾವ ದೊಡ್ಡ ಕಟ್ಟಡಕ್ಕೆ ಹೋದರೂ ಅವರು ಮೊದಲು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು, ಒಳಗೆ ಬಂದು ಗೋಡೆಗೆ ಅಂಗೈ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ಕುರಿ ಕಾಯುವವರು ಮರಿಯ ಕಿವಿ ಹಿಡಿದು ಜ್ವರ ನೋಡುತ್ತಾರಲ್ಲ, ಹಾಗೆ. ಆಮೇಲೆ ಮಾಲೀಕನ ಕಡೆ ತಿರುಗಿ, "ಮೈ ಕಾದೈತ್ರಿ ಇದರದು," ಎನ್ನುತ್ತಿದ್ದರು. ಇದನ್ನು ಅವರ ಹೆಂಡತಿ ಶಾಂತಮ್ಮನವರಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. "ಗ್ವಾಡಿ ಮುಟ್ಟೋದು ಖರೆ. ಚಪ್ಪಲಿ ಎಲ್ಲಿ ಬಿಡ್ತಿದ್ರಪ್ಪಾ? ಮನಿಯಾಗೇ ಬಿಡ್ತಿದ್ದಿಲ್ಲ."

ಹೀಗೆ ಆ ಚಿತ್ರದ ಅರ್ಧವೂ ಹೋಯಿತು.

ಅವರ ಕೆಲಸ ಎನರ್ಜಿ ಆಡಿಟ್. ದೊಡ್ಡ ಕಟ್ಟಡಗಳಲ್ಲಿ ಕರೆಂಟು ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ, ಎಲ್ಲಿ ಸುಮ್ಮನೆ ಸೋರುತ್ತದೆ ಎಂದು ಅಳೆದು, ಏನು ಬದಲಿಸಬೇಕು ಎಂದು ವರದಿ ಕೊಡುವುದು. ಅದಕ್ಕೆ ಪರೀಕ್ಷೆ ಉಂಟು, ಸರ್ಟಿಫಿಕೇಟು ಉಂಟು. ಅವರು ಎರಡನ್ನೂ ಒಂದೇ ಸಲಕ್ಕೆ ಮುಗಿಸಿದವರು. ನಮ್ಮ ಕಡೆ ಆಡಿಟ್ ಎಂಬ ಮಾತು ಕೇಳಿದ ಕೂಡಲೇ ಜನ ಗುಮಾಸ್ತನನ್ನು ಮುಂದೆ ತಂದು ನಿಲ್ಲಿಸುತ್ತಾರೆ. ಮಾಳಪ್ಪ ಸರ್ ಆ ಗುಮಾಸ್ತನಿಗೆ ಚಹಾ ಕುಡಿಸಿ ಕಳಿಸಿ, ಮಾಳಿಗೆಯ ಬೀಗದ ಕೈ ಕೇಳುತ್ತಿದ್ದರು. ಮಕ್ತಲ್ ಹತ್ತಿರದ ಒಂದು ಹಳ್ಳಿಯ ಕುರುಬರ ಮನೆ ಅವರದು, ಮನೆದೇವರು ಬೀರಪ್ಪ. ಹೈದರಾಬಾದಿನಲ್ಲಿ ಕೆಲವು ವರ್ಷ ದುಡಿದು ಬಂದು ನಾರಾಯಣಪೇಟೆಯಲ್ಲಿ ಒಂದು ಸೀರೆ ಅಂಗಡಿಯ ಮೇಲೆ ಆಫೀಸು ತೆರೆದಿದ್ದರು. ಅವರ ಚೀಲದಲ್ಲಿ ತಂತಿಗೆ ಕಚ್ಚಿಸಿ ಕರೆಂಟು ಅಳೆಯುವ ಚಿಮಟದಂಥ ಮೀಟರು, ಶಾಖ ತೋರಿಸುವ ಕ್ಯಾಮೆರಾ, ಇವುಗಳ ಜತೆಗೆ ಒಂದು ಬಿದಿರು ಕಡ್ಡಿ ಇರುತ್ತಿತ್ತು. ಅದರ ತುದಿಗೆ ಕುರಿ ಉಣ್ಣೆಯ ಒಂದು ಎಳೆ. ಬಾಗಿಲು ಕಿಟಕಿಗಳ ಸಂದಿಯಲ್ಲಿ ಗಾಳಿ ಯಾವ ಕಡೆ ಎಳೆಯುತ್ತದೆ ಎಂದು ನೋಡಲು ಅದಕ್ಕಿಂತ ಒಳ್ಳೆಯ ಸಾಮಾನು ಇನ್ನೂ ಬಂದಿಲ್ಲ ಎಂದು ಅವರ ವಾದ.

ನಾನು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದವನು. ಕಣ್ಣಾರೆ ಕಂಡದ್ದನ್ನೂ ಎರಡು ಸಲ ವಿಚಾರಿಸು ಎಂದು ಕಲಿಸಿದ ಓದು ಅದು. ಎಲ್ಲಿಯೂ ಒಂದು ಕಡೆ ನಿಲ್ಲಲು ಕಲಿಸಲಿಲ್ಲ. ಪಾಠ ಹೇಳುವ ಕೆಲಸ ಬಿಟ್ಟೆ, ಪತ್ರಿಕೆಯ ಕೆಲಸ ಬಿಟ್ಟೆ, ಊರಿಗೆ ಬಂದು ಊರನ್ನೂ ಬಿಡುವ ಯೋಚನೆಯಲ್ಲಿದ್ದಾಗ ಮಾಳಪ್ಪ ಸರ್ ವರದಿ ಬರೆಯಲು ಕರೆದರು. ನನ್ನನ್ನು ಗಿರಾಕಿಗಳಿಗೆ ಪರಿಚಯಿಸುವಾಗ, "ಇಂವ ನಮ್ಮ ಹುಡುಗ. ಅನುಮಾನದಾಗ ಎಂ.ಎ. ಮಾಡ್ಯಾನ," ಎನ್ನುತ್ತಿದ್ದರು.

ಅವರಿಗೆ ಮನುಷ್ಯರು ಕಾಣುತ್ತಿದ್ದದ್ದೇ ಬೇರೆ ರೀತಿ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ನೂರು ವಾಟಿನ ಬಲ್ಬಿನಷ್ಟು ಶಾಖ ಹೊರಡುತ್ತದೆ ಎಂಬುದು ಅವರ ಮೆಚ್ಚಿನ ಸಂಗತಿ. ನಾರಾಯಣಪೇಟೆಯ ಫಂಕ್ಷನ್ ಹಾಲಿನಲ್ಲಿ ನಮ್ಮ ಸೋದರತ್ತೆಯ ಮಗನ ಮದುವೆ. ಎಸಿ ಸಾಲದೆ ಬೀಗರು ಗದ್ದಲ ಮಾಡುತ್ತಿದ್ದರು. ಮಾಳಪ್ಪ ಸರ್ ಊಟದ ಪಂಕ್ತಿ ನೋಡುತ್ತ ನಿಂತು, ನನ್ನ ಅತ್ತೆಗೆ ಬಹಳ ಗೌರವದಿಂದ ಹೇಳಿದರು: "ಅಕ್ಕಾರ, ಎಸಿದು ತಪ್ಪಿಲ್ಲರಿ. ಒಳಗ ಐನೂರು ಹೀಟರ್ ಉಣ್ಣಾಕ ಕುಂತಾವ. ಹುಡುಗನ ಕಡಿಯವರನ್ನ ಅರ್ಧ ತಾಸು ಹೊರಗ ನಿಲ್ಲಿಸ್ರಿ, ಥಂಡಿ ಆಗ್ತೈತಿ." ಅತ್ತೆ ಆಮೇಲೆ ಅವರನ್ನು ಯಾವ ಶುಭಕಾರ್ಯಕ್ಕೂ ಕರೆಯಲಿಲ್ಲ.

ಮಕ್ತಲ್‌ನ ಖಾಸಗಿ ಶಾಲೆಯ ಕತೆ ಇನ್ನೂ ವಿಚಿತ್ರ, ಅದನ್ನು ನಾನು ನೋಡಿದೆನೋ ಕೇಳಿದೆನೋ ಖಾತ್ರಿಯಿಲ್ಲ. ಮೂರು ಅಂತಸ್ತಿನ ಶಾಲೆ, ಮೇಲಿನ ಕೋಣೆಗಳು ಕಾದ ಹಂಚಿನಂತೆ. ಮಾಳಿಗೆಗೆ ಸುಣ್ಣ ಬಳಿಯಿರಿ, ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ, ಕಪ್ಪು ಹೀರಿಕೊಳ್ಳುತ್ತದೆ ಎಂದು ಸರ್ ವರದಿ ಕೊಟ್ಟರು. ಶಾಲೆಯ ಯಜಮಾನರು ವಿಜ್ಞಾನದ ಮೇಲೆ ಭಕ್ತಿ ಇದ್ದವರು. ತಿಂಗಳು ಬಿಟ್ಟು ಹೋಗಿ ನೋಡಿದರೆ ಮಾಳಿಗೆ ಬಿಳಿ, ಗೋಡೆ ಬಿಳಿ, ನೀರಿನ ಟ್ಯಾಂಕು ಬಿಳಿ. ತರಗತಿಗಳ ಕಪ್ಪು ಹಲಗೆಗಳೂ ಬಿಳಿ. ಮೇಷ್ಟ್ರು ಅದರ ಮೇಲೆ ಸುಣ್ಣದಕಡ್ಡಿಯಲ್ಲಿ ಗುಣಾಕಾರ ಬರೆಯುತ್ತಿದ್ದರು, ಮಕ್ಕಳು ಕಾಣದ ಲೆಕ್ಕವನ್ನು ಬಾಯಲ್ಲಿ ಹೇಳುತ್ತಿದ್ದರು. ಇದರಲ್ಲಿ ಮಕ್ಕಳು ಗುಣಾಕಾರ ಹೇಳುತ್ತಿದ್ದ ರಾಗ ನನ್ನ ಕಿವಿಯಲ್ಲಿದೆ, ಹಲಗೆ ಕಣ್ಣಿನಲ್ಲಿಲ್ಲ.

ಆ ಯಜಮಾನರು ಕೋಣೆಗಳು ತಂಪಾದದ್ದನ್ನು ವರದಿಯಲ್ಲಿ ಒಂದಿಷ್ಟು ಹೆಚ್ಚಿಗೆ ತೋರಿಸಿ ಎಂದು ಕೇಳಿದ್ದು ಮಾತ್ರ ನನ್ನೆದುರಿಗೇ. ಸುಣ್ಣಕ್ಕೆ ಖರ್ಚು ಮಾಡಿದ್ದಾರೆ, ಊರಿಗೆ ತೋರಿಸಬೇಕು. ಸರ್ ಒಪ್ಪಲಿಲ್ಲ. ದಶಮಾಂಶ ಬಿಂದುವಿನ ಮುಂದಿನ ಅಂಕೆಯನ್ನೂ ಬಿಟ್ಟುಕೊಡಲಿಲ್ಲ. ವಾಪಸು ಬರುವಾಗ ನನಗೆ ಹೇಳಿದರು: "ಮೀಟರಿಗೆ ಬಾಯಿಲ್ಲ, ತಮ್ಮಾ. ಅದು ಹೇಳಿದ್ದು ನಾವು ಹೇಳಬೇಕು. ಅದಕ್ಕ ನಾವು ಹೇಳಿಕೊಟ್ರ ಮುಗೀತು, ನಾಳಿ ಯಾರ ಮನ್ಯಾಗನೂ ಅದು ಖರೆ ಹೇಳಂಗಿಲ್ಲ." ಈ ಮಾತನ್ನು ನಾನು ಅದೇ ದಿನ ಗೆಳೆಯನೊಬ್ಬನಿಗೆ ಹೇಳಿದ್ದೆ, ಅವನಿಗೂ ನೆನಪಿದೆ. ಆದ್ದರಿಂದ ಇದು ನಿಜ.

ಗದ್ವಾಲದ ಸಿದ್ದಪ್ಪ ಸಾಹುಕಾರ್ರು ನಮ್ಮನ್ನು ಕರೆಸಿದ್ದು ಒಂದು ಮೇ ತಿಂಗಳಲ್ಲಿ. ಅವರ ಹಿರಿಯರು ಕುರಿ ಸಾಕಿ ಕಂಬಳಿ ಮಾರಿದವರು. ಸಾಹುಕಾರ್ರು ನಾಲ್ಕು ಅಂತಸ್ತಿನ ಬಟ್ಟೆ ಅಂಗಡಿ ಕಟ್ಟಿದ್ದರು. ಆ ಜಾಗದಲ್ಲಿ ಮೊದಲು ಅವರ ಹೊಲ, ಹೊಲದ ಬದುವಿನಲ್ಲಿ ಬೀರಪ್ಪನ ಕಲ್ಲು. ದೇವರು ಜಾಗ ಬಿಟ್ಟು ಹೋಗಬಾರದು ಎಂದು ಸಾಹುಕಾರ್ರ ತಾಯಿ ಹಟ ಹಿಡಿದದ್ದರಿಂದ ಕಲ್ಲನ್ನು ಅದೇ ಜಾಗದಲ್ಲಿ ನೇರ ಮೇಲಕ್ಕೆ ಒಯ್ದು, ಮಾಳಿಗೆಯ ಮೇಲೆ ಕೋಣೆ ಕಟ್ಟಿ ಕೂಡಿಸಿದ್ದರು. ತಾಯಿ ಈಗ ಇರಲಿಲ್ಲ, ಅವರು ಹೋದ ಮೇಲೆ ಸಾಹುಕಾರ್ರು ಅಂಗಡಿಯನ್ನು ಮತ್ತೆ ಹೊಸದು ಮಾಡಿಸಿದ್ದರು.

ಸಾಹುಕಾರ್ರ ತಕರಾರು ಇಷ್ಟು. ಅಂಗಡಿ ಮುಚ್ಚಿದ ಮೇಲೂ ಮೀಟರು ಓಡುತ್ತದೆ. ಯಾರೋ ಕರೆಂಟು ಕದ್ದು ಪಕ್ಕದವರಿಗೆ ಮಾರುತ್ತಿದ್ದಾರೆ. ಯಾರು ಎಂಬುದೂ ತಿಳಿದಿದೆ: ಕಟ್ಟಡದ ಪಾಯ ಹಾಕಿದಂದಿನಿಂದ ವೈರಿಂಗ್ ಕೆಲಸ ನೋಡುತ್ತಿದ್ದ ಖಾಜಾ. ಹೇಗೆ ತಿಳಿಯಿತು ಎಂದು ಮಾಳಪ್ಪ ಸರ್ ಕೇಳಿದರು. ಬೀರಪ್ಪನಿಗೆ ಹೂ ಕೇಳಿದೆ ಎಂದರು ಸಾಹುಕಾರ್ರು. ಒದ್ದೆ ಹೂಗಳನ್ನು ಕಲ್ಲಿನ ಎರಡೂ ಹೆಗಲಿಗೆ ಅಂಟಿಸಿ, ಪ್ರಶ್ನೆ ಕೇಳಿ ಕಾಯುವುದು. ದೇವರ ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಖಾಜಾನೇ ಕಳ್ಳನೇನು ಎಂದು ಕೇಳಿದಾಗ ಬಲಗಡೆಯದು ಬಿದ್ದಿತ್ತು.

"ಮತ್ತ ನಮ್ಮನ್ನ ಯಾಕ ಕರಿಸಿದ್ರಿ?" ಎಂದರು ಸರ್.

"ಯಾರು ಅನ್ನೋದು ದೇವರು ಹೇಳ್ಯಾನ್ರಿ. ಎಷ್ಟು ಅನ್ನೋದು ನೀವು ಹೇಳಬೇಕು. ಠಾಣೇದಾಗ ಎಷ್ಟು ಅಂತ ಕೇಳ್ತಾರ."

ಮರುದಿನ ಅಮಾವಾಸ್ಯೆ, ಅಂಗಡಿಗೆ ರಜೆ. ಅದರ ಮರುದಿನ ಬೆಳಿಗ್ಗೆ ನಮ್ಮ ಲೆಕ್ಕ ಹಿಡಿದುಕೊಂಡು ಠಾಣೆಗೆ ಹೋಗುವುದೆಂದು ಸಾಹುಕಾರ್ರ ನಿಶ್ಚಯ. ಖಾಜಾ ಮೆಟ್ಟಿಲ ಕೆಳಗೆ ನಿಂತಿದ್ದ, ಅಂಗಿಯ ಜೇಬಿನಲ್ಲಿ ಟೆಸ್ಟರು. ಐವತ್ತು ದಾಟಿದ ಮನುಷ್ಯ. ಠಾಣೆಯಲ್ಲಿ ಒಂದು ರಾತ್ರಿ ಕೂಡಿಸಿದರೂ ಸಾಕು, ಆಮೇಲೆ ಊರಿನಲ್ಲಿ ಯಾರೂ ಅವನಿಗೆ ಮನೆಯೊಳಗಿನ ಒಂದು ಸ್ವಿಚ್ಚು ಮುಟ್ಟಗೊಡುತ್ತಿರಲಿಲ್ಲ.

ಆ ದಿನ ನಾವು ಕಟ್ಟಡವೆಲ್ಲ ಸುತ್ತಿದೆವು. ಪಶ್ಚಿಮಕ್ಕೆ ಪೂರಾ ಗಾಜು. ಸಂಜೆ ಬಿಸಿಲು ನೇರ ಸೀರೆಗಳ ಮೇಲೆ ಬಿದ್ದು ಎಸಿಗಳು ಏದುಸಿರು ಬಿಡುತ್ತಿದ್ದವು. ಇದನ್ನು ಹಾಕಲು ಯಾರು ಹೇಳಿದರು ಎಂದರೆ, ದೇವರು ಹೂ ಕೊಟ್ಟ ಎಂದರು ಸಾಹುಕಾರ್ರು. ಮೇಲೆ ಮಾತ್ರ ಹೋಗುವ ಒಂದು ಎಸ್ಕಲೇಟರ್ ಇತ್ತು. ಹೆಂಗಸರು ಅದಕ್ಕೆ ಹೆದರಿ ಪಕ್ಕದ ಮೆಟ್ಟಿಲು ಹತ್ತುತ್ತಿದ್ದರು, ಅದು ಖಾಲಿಯೇ ಓಡುತ್ತಿತ್ತು. ಅದಕ್ಕೂ ದೇವರು ಹೂ ಕೊಟ್ಟಿದ್ದ. ನೆಲಮಹಡಿಯಲ್ಲಿ ಕೃತಕ ಜಲಪಾತ. ಅದಕ್ಕೂ. ಮಾಳಪ್ಪ ಸರ್ ಮುಖ ಸಣ್ಣದಾಯಿತು. "ಬೀರಪ್ಪ ನಮ್ಮ ಮನಿದೇವ್ರೂ ಹೌದು," ಎಂದರು ನನ್ನ ಕಿವಿಯಲ್ಲಿ. "ಗಾಜಿನ ವಿಷಯದಾಗ ಇಷ್ಟು ದಡ್ಡ ಇರಾಕಿಲ್ಲ."

ಅಮಾವಾಸ್ಯೆಯ ದಿನ ಖಾಜಾನ ಕೈಯಿಂದಲೇ ಒಂದೊಂದು ಅಂತಸ್ತಿನ ಸ್ವಿಚ್ಚು ಕೆಳಗಿಳಿಸಿದೆವು. ದೀಪ ಹೋಯಿತು, ಎಸಿ ಹೋಯಿತು, ಎಸ್ಕಲೇಟರ್ ಬಿಕ್ಕಳಿಸಿ ನಿಂತಿತು, ಜಲಪಾತ ಒಣಗಿತು. ಮೀಟರು ಓಡುತ್ತಲೇ ಇತ್ತು. ಸರ್ ಚಿಮಟದ ಮೀಟರು ತೆಗೆದು ಒಂದೊಂದೇ ತಂತಿಗೆ ಕಚ್ಚಿಸುತ್ತ ಬಂದರು. ದಪ್ಪನೆಯ ಒಂದು ತಂತಿ ಮೀಟರು ದಾಟಿ, ಮುಖ್ಯ ಬೋರ್ಡಿಗೆ ಬರುವ ಮೊದಲೇ ಕವಲೊಡೆದು ನೇರ ಮೇಲಕ್ಕೆ ಹೋಗಿತ್ತು. ದೇವರ ದೀಪ ಎಂದೂ ಆರಬಾರದು ಎಂದು ತಾಯಿ ಇದ್ದಾಗ ಹಾಕಿಸಿದ ಲೈನು. ಹಾಕಿದವನು ಖಾಜಾ.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಸರ್ ಅವನನ್ನು ಕೇಳಿದರು. ಅವನು ಸಾಹುಕಾರ್ರು ದೂರ ಇರುವುದನ್ನು ನೋಡಿಕೊಂಡು ಹೇಳಿದ: "ಹೇಳಿದ್ರ ಏನಾಗ್ತಿತ್ತು, ಸಾಬ್? ಖಾಜಾ ತನ್ನ ಕಳ್ಳತನ ಬೀರಪ್ಪನ ಮ್ಯಾಲ ಹಾಕ್ದ ಅಂತಿದ್ರು. ಕರೆಂಟಿನ ಕೇಸಿಗೆ ಯಾರದರ ಕೈಕಾಲು ಹಿಡಿದು ಜಾಮೀನು ತರಬಹುದು. ದೇವರ ಕೇಸಿಗೆ ಯಾರು ಕೊಡ್ತಾರ?"

ಮೇಲಿನ ಕೋಣೆಯ ಬಾಗಿಲು ತೆರೆದಾಗ ಮುಖಕ್ಕೆ ತಣ್ಣಗೆ ಬಡಿಯಿತು, ಮೊಳಕಾಲಿಗೆ ಬಿಸಿ ಬಡಿಯಿತು. ಒಳಗೆ ಬೀರಪ್ಪನ ಕಲ್ಲು, ಎದೆಯ ತನಕ ಒಂದರ ಮೇಲೊಂದು ಕಂಬಳಿ. ತಲೆ, ಹೆಗಲು ಮಾತ್ರ ಹೊರಗೆ. ದೇವರ ಬಲಕ್ಕೆ ಗೋಡೆಯಲ್ಲಿ ಎಸಿ. ಮೂಲೆಯಲ್ಲಿ ಕೆಂಪಗೆ ಉರಿಯುವ ಹೀಟರು. ಹೀಟರಿನ ಮುಂದೆ ಮಂಕಿ ಕ್ಯಾಪು ಹಾಕಿ, ಸ್ವೆಟರಿನ ಗುಂಡಿ ಗಂಟಲ ತನಕ ಹಾಕಿಕೊಂಡು ಕೂತ ಪೂಜಾರಿ ಭೀಮಯ್ಯ. ಮೇ ತಿಂಗಳ ಗದ್ವಾಲದಲ್ಲಿ ಸ್ವೆಟರು ಹಾಕಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಭಕ್ತರು ಬಂದು ಕಂಬಳಿ ಹೊದಿಸುತ್ತಾರೆ, ಹೊದಿಸಿದ್ದನ್ನು ತೆಗೆಯುವಂತಿಲ್ಲ. ದೇವರಿಗೆ ಸೆಕೆಯಾಗುತ್ತದೆ ಎಂದು ಸಾಹುಕಾರ್ರು ಎಸಿ ಹಾಕಿಸಿದರು. ಎಸಿ ಬಂದ ಮೇಲೆ ಪೂಜಾರಿಗೆ ಥಂಡಿ ಹತ್ತಿತು, ಸಂತೆಯಿಂದ ಹೀಟರು ತಂದ. ಹೀಟರಿನ ಶಾಖ ದೇವರಿಗೆ ತಾಗಬಾರದೆಂದು ಎಸಿಯನ್ನು ಇನ್ನಷ್ಟು ಜೋರು ಮಾಡಿದ. ಅದರಿಂದ ಥಂಡಿ ಹೆಚ್ಚಾಗಿ ಹೀಟರನ್ನೂ ಜೋರು ಮಾಡಿದ. ಈಗ ಎರಡೂ ಕೊನೆಯ ಗುರುತಿನಲ್ಲಿದ್ದವು. ಹಗಲು ರಾತ್ರಿ ಒಂದರ ಜತೆ ಒಂದು ಕುಸ್ತಿ.

"ಭೀಮಯ್ಯಾ, ಅಷ್ಟು ಕಂಬಳಿ ಅದಾವಲ್ಲ. ಒಂದು ನೀ ಹೊದ್ಕೊಂಡಿದ್ರ ಆಗ್ತಿದ್ದಿಲ್ಲೇನು?" ಎಂದರು ಸರ್.

"ಯಪ್ಪಾ, ದೇವರ ಕಂಬಳಿಗೆ ನಾ ಕೈ ಹಚ್ಚಲೇನು?"

ಸರ್ ಮೀಟರಿಗೆ ಒಂದಿಷ್ಟು ಭಂಡಾರದ ಅರಿಶಿನ ಹಚ್ಚಿ, ಕೈ ಮುಗಿದು, ತಂತಿಗೆ ಕಚ್ಚಿಸಿದರು. ಕೆಳಗೆ ಕಾಣೆಯಾದ ಕರೆಂಟೆಲ್ಲ ಅಲ್ಲೇ ಇತ್ತು. ಸಾಹುಕಾರ್ರು ಅಂಕೆ ನೋಡಿದರು, ಒಪ್ಪಿದರು. ಕಳ್ಳತನ ಮುಗಿಯಿತೆಂದು ನಾನು ಚೀಲ ಕಟ್ಟತೊಡಗಿದೆ. ಆದರೆ ಸಾಹುಕಾರ್ರ ತರ್ಕ ನನ್ನ ಪ್ರೊಫೆಸರರಿಗಿಂತ ಗಟ್ಟಿ. ಈ ಕರೆಂಟು ಹೀಟರಿಗೆ ಹೋಗಿದೆ, ಸರಿ. ಆದರೆ ಖಾಜಾ ಕಳ್ಳ ಎಂದು ಹೂ ಬಿದ್ದಿದೆ. ಅಂದ ಮೇಲೆ ಅವನು ಕದ್ದದ್ದು ಬೇರೆ ಏನೋ ಇರಬೇಕು, ಅದನ್ನು ಪೊಲೀಸರು ಹುಡುಕುತ್ತಾರೆ. ಮೀಟರು ತಪ್ಪಬಹುದು, ಹೂ ತಪ್ಪುವುದಿಲ್ಲ.

ಮಾಳಪ್ಪ ಸರ್ ಎಸಿಯನ್ನೂ ಕಲ್ಲಿನ ಹೆಗಲನ್ನೂ ಒಮ್ಮೆ ನೋಡಿದರು. ಆಮೇಲೆ, ಎಡಗಡೆಯ ಹೂ ಕೊನೆಗೆ ಬಿದ್ದದ್ದು ಯಾವಾಗ ಎಂದು ವಿಚಾರಿಸಿದರು. ಸಾಹುಕಾರ್ರು ಅಭಿಮಾನದಿಂದ, ಅವ್ವ ಹೋದ ಮೇಲೆ ಒಮ್ಮೆಯೂ ಇಲ್ಲ, ತಮ್ಮ ಮೇಲೆ ದೇವರಿಗೆ ಅಷ್ಟು ಕರುಣೆ ಎಂದರು. ಎಸಿ ಹಾಕಿಸಿದ್ದು? ಅವ್ವ ಹೋದ ಬೇಸಿಗೆ.

ಸರ್ ಚೀಲದಿಂದ ಬಿದಿರು ಕಡ್ಡಿ ತೆಗೆದರು. ಉಣ್ಣೆಯ ಎಳೆಯನ್ನು ದೇವರ ಎಡ ಹೆಗಲ ಹತ್ತಿರ ಹಿಡಿದರು. ಅದು ಜೋತು ನಿಂತಿತು. ಬಲ ಹೆಗಲ ಹತ್ತಿರ ಹಿಡಿದರು; ಅದು ಎದ್ದು ಪಟಪಟ ಹಾರತೊಡಗಿತು. ಎಸಿಯ ಗಾಳಿ ಒಂದೇ ಹೆಗಲಿಗೆ ಬೀಸುತ್ತಿತ್ತು. ಆ ಕಡೆಯ ಹೂ ಬೇಗ ಒಣಗುತ್ತದೆ. ಒಣಗಿದ್ದು ಮೊದಲು ಬೀಳುತ್ತದೆ.

"ಸಾಹುಕಾರ್ರ," ಎಂದರು ಸರ್, ತುಂಬ ಮೆಲ್ಲಗೆ. "ಇಷ್ಟು ದಿನ ಹೌದು ಅಂದಿದ್ದು ದೇವರಲ್ಲರಿ. ಎಸಿ."

ಸಾಹುಕಾರ್ರು ಗೋಡೆಗೆ ಆತು ಕೂತರು. ಅವರ ಕಣ್ಣೆದುರು ಏನೇನು ಹಾದುಹೋಯಿತೋ. ಕೊನೆಗೆ ಕೇಳಿದರು: "ಹಂಗಾದ್ರ ಎಸ್ಕಲೇಟರು?"

"ಅದೂ ಎಸಿನೇ."

ಆಮೇಲೆ ಅವರಿಗೆ ಸಿಟ್ಟು ಬಂತು. ಹೊಲದಲ್ಲಿದ್ದಾಗಲೂ ಗಾಳಿ ಬೀಸುತ್ತಿತ್ತು, ಆಗ ಅವ್ವ ಕೇಳಿದ ಹೂಗಳೆಲ್ಲ ಸುಳ್ಳೇನು ಎಂದರು. ಪ್ರಶ್ನೆ ಒಳ್ಳೆಯದೆಂದು ನನಗೂ ಅನಿಸಿತು. ಸರ್ ತಡವರಿಸಲಿಲ್ಲ. "ಅದು ದೇವರು ಬೀಸಿದ ಗಾಳಿ. ಇದು ಒಂದೂವರಿ ಟನ್ನಿಂದು, ನೀವು ಬೀಸಿಸಿದ್ದು. ಇನ್ನೊಮ್ಮೆ ಕೇಳ್ರಿ. ಎಸಿ ಬಂದ್ ಮಾಡಿ ಕೇಳ್ರಿ. ಆಗ ಬಲಗಡೆ ಬಿದ್ರ ನಾನೇ ನಿಮ್ಮ ಜತಿ ಠಾಣೆಗೆ ಬರ್ತೀನಿ."

ಎಸಿ ಹೋಯಿತು, ಹೀಟರು ಹೋಯಿತು, ಬಾಗಿಲು ಮುಚ್ಚಿತು. ಖಾಜಾ ಹೊರಗೆ ಮೆಟ್ಟಿಲ ಮೇಲೆ. ಭೀಮಯ್ಯ ಹೂ ತೋಯಿಸಿ ಎರಡೂ ಹೆಗಲಿಗೆ ಅಂಟಿಸಿದ. ಮಾಳಪ್ಪ ಸರ್ ಕಲ್ಲಿಗೆ ಅಡ್ಡಬಿದ್ದು, ಎರಡೂ ಹೆಗಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅದು ಹೂ ಅಂಟಿಸುವ ಮೊದಲು ಎಂದು ಒಂದು ದಿನ ಅನಿಸುತ್ತದೆ, ಅಂಟಿಸಿದ ಮೇಲೆ ಎಂದು ಇನ್ನೊಂದು ದಿನ. ಎಷ್ಟು ಸಲ ಹಿಂದಕ್ಕೆ ಹೋಗಿ ನೋಡಿದರೂ ಆ ಎರಡು ಕ್ಷಣಗಳು ಜಾಗ ಬದಲಿಸಿಕೊಳ್ಳುತ್ತವೆ. ಕೋಣೆ ಕಾಯತೊಡಗಿತು. ಸಾಹುಕಾರ್ರ ಬೋಳುತಲೆಯ ಮೇಲೆ ಬೆವರು ಮೂಡಿತು. ಭೀಮಯ್ಯ ಮೊದಲು ಮಂಕಿ ಕ್ಯಾಪು, ಆಮೇಲೆ ಸ್ವೆಟರು ತೆಗೆದು, ಎಷ್ಟೋ ದಿನದ ಮೇಲೆ ಸುಖವಾಗಿ ನಿಟ್ಟುಸಿರು ಬಿಟ್ಟ.

ಎಡಗಡೆಯ ಹೂ ಬಿತ್ತು.

ಸಾಹುಕಾರ್ರು ಎದ್ದು ಬಾಗಿಲು ತೆರೆದರು. ಮೆಟ್ಟಿಲ ಮೇಲೆ ಕೂತಿದ್ದ ಖಾಜಾ ಎದ್ದು ನಿಂತ. ತಪ್ಪಾಯಿತು ಎನ್ನುವುದು ಸಾಹುಕಾರ್ರ ಬಾಯಿಗೆ ಬರುವ ಮಾತಲ್ಲ. ಅವನ ಜೇಬಿನ ಟೆಸ್ಟರನ್ನೇ ನೋಡುತ್ತ, "ಖಾಜಾ, ಒಳಗಿನ ಎಸಿ ಬಿಚ್ಚಪಾ," ಎಂದರು. ಖಾಜಾ ಚಪ್ಪಲಿ ಬಿಟ್ಟು ಒಳಗೆ ಬಂದ. ಜೇಬಿನ ಟೆಸ್ಟರಿನಿಂದಲೇ ಮೊದಲನೆಯ ಸ್ಕ್ರೂ ತಿರುಗಿಸತೊಡಗಿದ.

ವರದಿಯನ್ನು ನಾನು ಬರೆದೆ. ದೇವರ ಕೋಣೆಯಲ್ಲಿ ಖಾಯಂ ವಾಸಿಸುವವರು ಎಷ್ಟು ಎಂಬಲ್ಲಿ ಇಬ್ಬರು ಎಂದು ಹಾಕಲು ಸರ್ ಹೇಳಿದರು. ಇಬ್ಬರ ಮೈಶಾಖ ಹಿಡಿಯಬೇಕೇನು ಎಂದೆ. "ಪೂಜಾರಿಗೆ ನೂರು ವಾಟ್ ಹಾಕು. ದೇವರಿಗೆ ಏನೂ ಹಾಕಬ್ಯಾಡ, ಅಳಿಯಾಕ ಬರಂಗಿಲ್ಲ." ಎದುರುಬದುರು ಎರಡು ಕಿಟಕಿ, ಪೂಜಾರಿಗೆ ಅಂಗಡಿಯಿಂದ ಒಂದು ಸ್ವಂತ ಕಂಬಳಿ ಎಂಬುದು ಶಿಫಾರಸು.

ವಾಪಸು ಬರುವ ಬಸ್ಸಿನಲ್ಲಿ ನಾನು ಕೇಳಿದೆ, ಹೂವಿಗೆ ನಿಮ್ಮ ಕೈ ತಾಗಿತೇನು ಎಂದು. ಅವರು ನಿದ್ದೆ ಮಾಡುತ್ತಿದ್ದರು, ಅಥವಾ ಮಾಡುತ್ತಿರಲಿಲ್ಲ. ಎರಡು ವರ್ಷದ ಮೇಲೆ ಅವರ ಹೃದಯ ಕೈಕೊಟ್ಟಾಗ ಆಸ್ಪತ್ರೆಯಲ್ಲಿ ಇನ್ನೊಮ್ಮೆ ಕೇಳಿದೆ; ಅದೇ ಕೊನೆಯ ಭೇಟಿ. ಮೊದಲು ಅವರು ಎಸಿಯ ಗಾಳಿ ನೇರ ರೋಗಿಯ ತಲೆಗೆ ಬೀಸುವಂತೆ ಮಂಚ ಹಾಕಿದವನಿಗೆ ಬೈದು, ನನ್ನಿಂದ ಮಂಚ ಪಕ್ಕಕ್ಕೆ ಹಾಕಿಸಿಕೊಂಡರು. ಆಮೇಲೆ ನನ್ನ ಕೈ ಹಿಡಿದು, "ಆ ಅನುಮಾನ ಇನ್ನೂ ಉರಿಯಾಕತ್ತೈತೇನೋ? ಎಷ್ಟು ಯೂನಿಟ್ ಆತು ಲೆಕ್ಕ ಹಾಕಿಯೇನು?" ಎಂದರು.

ಅವರನ್ನು ಮನೆಯಲ್ಲಿ ಬಾಡಿಗೆಯ ಫ್ರೀಜರ್ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ದೂರದ ಮಗಳು ಬರಬೇಕಿತ್ತು. ಪೆಟ್ಟಿಗೆಯ ಮುಚ್ಚಳದ ರಬ್ಬರು ಹರಿದು ತಣ್ಣನೆಯ ಗಾಳಿ ಹೊರಗೆ ಸೋರುತ್ತಿತ್ತು. ಅಂಗೈ ಹಿಡಿದು ನೋಡುತ್ತಿದ್ದ ನನ್ನನ್ನು ಶಾಂತಮ್ಮನವರು ಕಂಡರು. ಒಳಗೆ ಹೋಗಿ ಹಳೆಯ ಟವೆಲ್ಲು ತಂದು ಸಂದಿಗೆ ತುರುಕಿದರು. "ಹಿಂಗ ಬಿಟ್ರ ಅವರಿಗೆ ನಿದ್ದಿ ಬರಂಗಿಲ್ಲ," ಎಂದರು.

ಆ ವರ್ಷ ನಾನು ಆ ಕೆಲಸವನ್ನೂ ಬಿಟ್ಟೆ. ಬಿಡುವ ಮೊದಲು ಒಮ್ಮೆ ಗದ್ವಾಲಕ್ಕೆ ಹೋಗಿದ್ದೆ. ಖಾಜಾ ಇದ್ದ, ಬೋರ್ಡಿನ ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ನಾನು ಬಂದದ್ದು ಒಂದು ವಿಷಯ ನೋಡಲು ಎಂದು ಹೇಳಿದೆ. ಎಸಿಯ ಗಾಳಿ ಇಲ್ಲದಿದ್ದರೆ ಹೂ ಯಾವ ಕಡೆ ಬೀಳಬೇಕು? ಕಲ್ಲು ಯಾವ ಕಡೆ ವಾಲಿದೆಯೋ ಆ ಕಡೆಯ ಹೆಗಲು ಕಡಿದಾಗಿರುತ್ತದೆ, ಆ ಕಡೆಯದೇ ಮೊದಲು ಜಾರಬೇಕು. ಅವತ್ತು ಬಿದ್ದದ್ದು ಎಡಗಡೆಯದು. ಕಲ್ಲನ್ನು ಸಿಮೆಂಟಿನಲ್ಲಿ ಕೂಡಿಸಿದ ದಿನದಿಂದ ಅದು ಅಲುಗಿಲ್ಲ ಎಂದು ಭೀಮಯ್ಯ ಹೇಳಿದ. ಗೋಡೆ ಕಟ್ಟುವ ಗವಂಡಿಗಳು ಮಟ್ಟ ನೋಡುವ ರಸಮಟ್ಟವನ್ನು ಖಾಜಾನಿಂದ ತರಿಸಿ, ಭೀಮಯ್ಯನ ಅಪ್ಪಣೆ ಕೇಳಿ, ಬೀರಪ್ಪನ ಎರಡೂ ಹೆಗಲ ಮೇಲೆ ಅಡ್ಡ ಇಟ್ಟೆ. ಒಮ್ಮೆ ನೋಡಿದೆ, ತಿರುಗಿಸಿ ಇಟ್ಟು ಇನ್ನೊಮ್ಮೆ ನೋಡಿದೆ. ಖಾಜಾನಿಗೂ ತೋರಿಸಿದೆ. ಕಲ್ಲು ವಾಲಿರುವುದು ದೇವರ ಬಲಕ್ಕೆ.